ಶಕುಂತಲೆಯ ಉಂಗುರವೂ ರಿಜಿಸ್ಟ್ರಾರರ ಕಚೇರಿಯೂ

'ಓಡಿಹೋದರು' ಎಂಬುದೊಂದು ಮಾತು. ಬೀದಿಯಲ್ಲಿ ಈ ಮಾತು ಹುಟ್ಟಿದೊಡನೆ ಆ ಮನೆಯ ಕದ ಮುಚ್ಚುತ್ತದೆ; ನೆರೆಮನೆಗಳ ಕದಗಳೆಲ್ಲ ತೆರೆಯುತ್ತವೆ. ಯಾರೊಡನೆ ಹೋದಳು, ಎಲ್ಲಿಗೆ ಹೋದರು ಎಂದು ಕೇಳುವವರು ಬಹು ಮಂದಿ. ಹೋದ ಮೇಲೆ ಆ ಇಬ್ಬರು ಕಾನೂನಿನ ದೃಷ್ಟಿಯಲ್ಲಿ ಏನಾದರು, ದಂಪತಿಗಳಾದರೋ, ಅಪರಾಧಿಗಳಾದರೋ, ಅಥವಾ ಎರಡೂ ಅಲ್ಲದೆ ನಡುವೆ ನಿಂತರೋ ಎಂದು ಕೇಳುವವರು ವಿರಳ. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಈ ಎರಡನೆಯ ಪ್ರಶ್ನೆಯನ್ನು. ಮನೆ ಬಿಟ್ಟು ಹೋಗುವುದು ಸರಿಯೋ ತಪ್ಪೋ ಎಂಬ ನೀತಿವಿಚಾರವನ್ನು ಹಿರಿಯರಿಗೇ ಬಿಡುತ್ತೇವೆ. ಆದರೆ ಕಾನೂನಿನ ಚರಿತ್ರೆಯನ್ನು ಅರಿಯದೆ ಆ ವಿಚಾರವನ್ನು ಮಾಡಹೊರಟರೆ ಹಿರಿಯರೂ ಎಡವುವರು, ಕಿರಿಯರೂ ಎಡವುವರು.

ಈ ಚರಿತ್ರೆಯನ್ನು ಪೀಳಮೇಡಿನಲ್ಲಿ ಕುಳಿತು ಬರೆಯುವುದಕ್ಕೆ ಕಾರಣವುಂಟು. ಅವಿನಾಶಿ ರಸ್ತೆಯ ಮೇಲಿನ ಈ ಊರು ಒಂದು ಕಾಲಕ್ಕೆ ಕೊಯಮತ್ತೂರಿನ ಹೊರಗಣ ಹಳ್ಳಿ. 1926ರಲ್ಲಿ ಪಿ.ಎಸ್.ಜಿ. ಧರ್ಮಸಂಸ್ಥೆ ಇಲ್ಲಿ ನೆಲೆಗೊಂಡಿತು. 1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ತು ಬಂದ ಮೇಲೆ ಕೊಯಮತ್ತೂರಿನ ಸುತ್ತಲೂ ಹತ್ತಿಯ ಗಿರಣಿಗಳು ಬೆಳೆದವು. ಈಗ ಪೀಳಮೇಡು ನಗರದೊಳಗೇ ಸೇರಿಹೋಗಿದೆ. ಮಗ್ಗವನ್ನು ನಂಬಿದ ದೇವಾಂಗರು ಮೊದಲಾಗಿ ಮನೆಯಲ್ಲಿ ಕನ್ನಡವಾಡುವ ಕುಟುಂಬಗಳು ಈ ಸೀಮೆಯಲ್ಲಿ ಹಿಂದಿನಿಂದಲೂ ಇವೆ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಸತ್ಯಮಂಗಲ, ತಾಳವಾಡಿಗಳ ಕನ್ನಡಿಗರಿಗೆ ಕೊಯಮತ್ತೂರು ಇಂದಿಗೂ ಹತ್ತಿರದ ದೊಡ್ಡ ಪಟ್ಟಣ. ಹಳ್ಳಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ನಗರದಲ್ಲಿ ಯಾರೂ ಯಾರನ್ನೂ ಅರಿಯರು. ಆದಕಾರಣವೇ ಮನೆಯವರ ಒಪ್ಪಿಗೆಯಿಲ್ಲದೆ ಮದುವೆಯಾಗಬಯಸುವವರು ನಗರಕ್ಕೆ ಬರುವುದು. ಆದರೆ ಇಲ್ಲೊಂದು ವಿರೋಧಾಭಾಸವಿದೆ. ತಮ್ಮನ್ನು ಯಾರೂ ಅರಿಯದಿರಲಿ ಎಂದು ನಗರಕ್ಕೆ ಬಂದವರನ್ನು ಕಾನೂನು ಮೊಟ್ಟಮೊದಲು ಕೇಳುವ ಪ್ರಶ್ನೆ, 'ನಿಮ್ಮನ್ನು ಬಲ್ಲವರು ಯಾರು? ಸಾಕ್ಷಿಯೆಲ್ಲಿ?' ಎಂಬುದೇ.

ಈ ಪ್ರಶ್ನೆ ಹೊಸತಲ್ಲ. ಮನುಸ್ಮೃತಿಯು ಮೂರನೆಯ ಅಧ್ಯಾಯದಲ್ಲಿ ಎಂಟು ಬಗೆಯ ವಿವಾಹಗಳನ್ನು ಎಣಿಸುತ್ತದೆ: ಬ್ರಾಹ್ಮ, ದೈವ, ಆರ್ಷ, ಪ್ರಾಜಾಪತ್ಯ, ಆಸುರ, ಗಾಂಧರ್ವ, ರಾಕ್ಷಸ, ಪೈಶಾಚ. ಇವುಗಳಲ್ಲಿ ಗಾಂಧರ್ವವೆಂದರೆ ಹೆಣ್ಣು ಗಂಡು ಪರಸ್ಪರ ಮೆಚ್ಚಿ ಕೂಡುವುದು. ಅಲ್ಲಿ ಕೊಡುವವರಿಲ್ಲ, ಕೊಳ್ಳುವವರಿಲ್ಲ. ಅದನ್ನು ಹಿಂದಿನವರು ಶ್ರೇಷ್ಠವೆಂದು ಎಣಿಸಲಿಲ್ಲವಾದರೂ ವಿವಾಹಗಳ ಪಟ್ಟಿಯಿಂದ ಹೊರಗೂ ಹಾಕಲಿಲ್ಲ. ಇದಕ್ಕೆ ದೊಡ್ಡ ನಿದರ್ಶನ ದುಷ್ಯಂತ ಶಕುಂತಲೆಯರ ಕಥೆ. ಬಸವಪ್ಪಶಾಸ್ತ್ರಿಗಳ ಕನ್ನಡ ಶಾಕುಂತಲದಿಂದ ನಮ್ಮ ಶಾಲೆಗಳಿಗೆ ಪರಿಚಿತವಾದದ್ದು. ಕಣ್ವರು ಆಶ್ರಮದಲ್ಲಿಲ್ಲದ ವೇಳೆಯಲ್ಲಿ ಮದುವೆ ನಡೆಯಿತು. ಪ್ರೀತಿಗೆ ಕೊರತೆಯಿರಲಿಲ್ಲ, ಒಪ್ಪಿಗೆಗೂ ಕೊರತೆಯಿರಲಿಲ್ಲ, ಕೊರತೆಯಾದದ್ದು ಸಾಕ್ಷ್ಯಕ್ಕೆ. ರಾಜಸಭೆಯಲ್ಲಿ ಗಂಡನು 'ನೀನಾರು?' ಎಂದಾಗ ಬಸುರಿ ಹೆಣ್ಣಿನ ಬಳಿ ತೋರಿಸಲು ಇದ್ದದ್ದು ಒಂದೇ ಉಂಗುರ; ಅದೂ ನೀರಿನಲ್ಲಿ ಬಿದ್ದುಹೋಗಿತ್ತು. ಮಹಾಭಾರತದ ಮೂಲಕಥೆಯಲ್ಲಿ ಉಂಗುರವಿಲ್ಲ. ಅಲ್ಲಿ ಆಕಾಶವಾಣಿಯೇ ಸಾಕ್ಷಿ ನುಡಿಯಬೇಕಾಯಿತು. ಕಾಳಿದಾಸನು ಆಕಾಶವಾಣಿಯ ಸ್ಥಾನದಲ್ಲಿ ಒಂದು ಉಂಗುರವನ್ನಿಟ್ಟನು. ನಮ್ಮ ಕಾಲದ ಶಾಸನಕಾರರು ಉಂಗುರದ ಸ್ಥಾನದಲ್ಲಿ ಒಂದು ಕಾಗದವನ್ನಿಟ್ಟಿದ್ದಾರೆ. ಉದ್ದೇಶ ಒಂದೇ: ಒಪ್ಪಿಗೆಯನ್ನು ನಂಬಿ ಬಂದ ಹೆಣ್ಣು, ಗಂಡನು ಮರೆತ ದಿನ ಬರಿಗೈಯಲ್ಲಿ ನಿಲ್ಲಬಾರದು.

ಆದರೆ ಸಾಕ್ಷ್ಯವೆಂಬುದು ಬೇರೆ, ಡಂಗುರವೆಂಬುದು ಬೇರೆ. ಮದುವೆಯಾಯಿತೆಂದು ಬೇಕಾದಾಗ ತೋರಿಸುವಂತಿರುವುದು ಸಾಕ್ಷ್ಯ. ಮದುವೆಯಾಗಲಿದೆಯೆಂದು ಬೇಡದವರಿಗೂ ಮೊದಲೇ ತಿಳಿಸುವುದು ಡಂಗುರ. ಇವೆರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಬಂದ ತೊಡಕು, ಅದನ್ನು ಬಿಡಿಸಲು ನಡೆದ ಪ್ರಯತ್ನ, ಇದೇ ಈ ಕಾನೂನಿನ ಚರಿತ್ರೆಯ ತಿರುಳೆಂದು ನಮಗೆ ತೋರುತ್ತದೆ.

ನಮ್ಮ ಶಾಸನಗಳಿಗೆ ಬಹುಮಟ್ಟಿಗೆ ಮಾದರಿಯಾದ ಇಂಗ್ಲೆಂಡಿನ ಸಂಗತಿಯನ್ನು ಮೊದಲು ಸಂಕ್ಷೇಪವಾಗಿ ನೋಡೋಣ. ಅಲ್ಲಿ 1753ರಲ್ಲಿ ಲಾರ್ಡ್ ಹಾರ್ಡ್‌ವಿಕ್ಕನ ವಿವಾಹಶಾಸನವಾಯಿತು. ಗುಟ್ಟಿನ ಮದುವೆಗಳನ್ನು ನಿಲ್ಲಿಸುವುದೇ ಅದರ ಗುರಿ. ಇಗರ್ಜಿಯಲ್ಲಿ ಮುಂಚಿತವಾಗಿ ಸಾರಿ ಹೇಳಬೇಕು, ಇಲ್ಲವೇ ಪರವಾನಗಿ ಪಡೆಯಬೇಕು. 21 ತುಂಬದವರ ವಿಷಯದಲ್ಲಿ ತಂದೆಯ ಮಾತಿಗೆ ಬೆಲೆ ಬಂದಿತು. ಆದರೆ ಈ ಶಾಸನ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಸಾಕ್ಷಿಗಳೆದುರು ಇಬ್ಬರೂ ಒಪ್ಪಿದೆವೆಂದು ನುಡಿದರೆ ಮದುವೆ. ಗಡಿ ದಾಟಿದೊಡನೆ ಸಿಗುತ್ತಿದ್ದ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿ ಓಡಿಬಂದವರ ಕಾಶಿಯಾಯಿತು. ಕಮ್ಮಾರನ ಅಡಿಗಲ್ಲೇ ಅಲ್ಲಿನ ಹಸೆಮಣೆಯೆಂದು ಹೆಸರಾಯಿತು. ಬಂದ ದಿನವೇ ಮದುವೆಯಾಗಿ ಹೋಗುವವರನ್ನು ತಡೆಯಲು 1856ರಲ್ಲಿ ಹೊಸ ನಿಯಮ ಮಾಡಿದರು: ಇಬ್ಬರಲ್ಲೊಬ್ಬರಾದರೂ 21 ದಿನ ಸ್ಕಾಟ್ಲೆಂಡಿನಲ್ಲಿ ವಾಸಿಸಿರಬೇಕು. ವಾಸದ ದಿನಗಳನ್ನು ಎಣಿಸುವ ಈ ಉಪಾಯವನ್ನು ಓದುಗರು ನೆನಪಿನಲ್ಲಿಡಬೇಕು. ಇದು ಬೇಗನೆ ನಮ್ಮ ದೇಶದ ಶಾಸನದಲ್ಲಿಯೂ ಕಾಣಿಸಿಕೊಂಡಿತು.

ಭಾರತದಲ್ಲಿ ಯಾವ ಮತಾಚಾರಕ್ಕೂ ಸೇರದ ಮದುವೆಗೆ ಮೊದಲು ದಾರಿ ಮಾಡಿದ್ದು 1872ರ ವಿಶೇಷ ವಿವಾಹಶಾಸನ. ಕೇಶವಚಂದ್ರ ಸೇನರೂ ಅವರ ಬ್ರಾಹ್ಮಸಮಾಜದವರೂ ಅದಕ್ಕಾಗಿ ಶ್ರಮಿಸಿದರು. ಅದರ ಷರತ್ತುಗಳು ಕಠಿಣವಾಗಿದ್ದವು. ಮದುವೆಯಾಗುವವರು ತಾವು ಹಿಂದೂಗಳಲ್ಲ, ಮುಸಲ್ಮಾನರಲ್ಲ, ಕ್ರೈಸ್ತರಲ್ಲ, ಯೆಹೂದ್ಯರು, ಪಾರಸಿಗಳು, ಬೌದ್ಧರು, ಸಿಖ್ಖರು, ಜೈನರು ಯಾರೂ ಅಲ್ಲ ಎಂದು ಬರೆದುಕೊಡಬೇಕು. ಒಬ್ಬರಾದರೂ ಆ ರಿಜಿಸ್ಟ್ರಾರರ ಜಿಲ್ಲೆಯಲ್ಲಿ 14 ದಿನ ವಾಸಿಸಿರಬೇಕು. ನೋಟೀಸು ಕೊಟ್ಟ ಮೇಲೆ ಮತ್ತೆ 14 ದಿನ ಕಾಯಬೇಕು. 21 ತುಂಬದವರಿಗೆ ತಂದೆಯ ಅಥವಾ ಪೋಷಕರ ಒಪ್ಪಿಗೆ ಬೇಕು. ಎಂದರೆ ಜಾತಿ ಬಿಟ್ಟು ಮದುವೆಯಾಗಬೇಕಾದರೆ ಧರ್ಮವನ್ನೂ ಬಿಡಬೇಕಾಗಿತ್ತು. 1923ರಲ್ಲಿ ಹರಿಸಿಂಗ್ ಗೌರರ ಪ್ರಯತ್ನದಿಂದ ತಿದ್ದುಪಡಿಯಾಗಿ, ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮ ಧರ್ಮವನ್ನು ಅಲ್ಲಗಳೆಯದೆಯೇ ತಮ್ಮತಮ್ಮೊಳಗೆ ಈ ಶಾಸನದಂತೆ ಮದುವೆಯಾಗಲು ಅವಕಾಶ ದೊರಕಿತು. 1949ರಲ್ಲಿ ಬೇರೊಂದು ಶಾಸನವು ಜಾತಿ ಬೇರೆಯೆಂಬ ಕಾರಣದಿಂದಲೇ ಹಿಂದೂ ವಿವಾಹವೊಂದು ಅಸಿಂಧುವಾಗದು ಎಂದು ಸಾರಿತು.

ಸ್ವತಂತ್ರ ಭಾರತದ ವಿಶೇಷ ವಿವಾಹಶಾಸನ 1954ರಲ್ಲಿ ಅಂಗೀಕೃತವಾಗಿ 1955ರ ಜನವರಿ 1ರಿಂದ ಜಾರಿಗೆ ಬಂದಿತು. ಮತ ಯಾವುದೇ ಇರಲಿ, ಗಂಡಿಗೆ 21, ಹೆಣ್ಣಿಗೆ 18 ತುಂಬಿದ್ದರೆ ಸಾಕು. ತಂದೆತಾಯಿಗಳ ಒಪ್ಪಿಗೆ ಬೇಕಿಲ್ಲ. ಇಬ್ಬರಲ್ಲಿ ಯಾರಿಗೂ ಬದುಕಿರುವ ಗಂಡನಾಗಲಿ ಹೆಂಡತಿಯಾಗಲಿ ಇರಕೂಡದು, ಬುದ್ಧಿ ಸ್ವಸ್ಥವಾಗಿರಬೇಕು, ನಿಷಿದ್ಧ ಸಂಬಂಧದವರಾಗಿರಕೂಡದು. ನಮ್ಮ ಕಡೆ ಸೋದರಮಾವನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ವಾಡಿಕೆಯಿರುವುದರಿಂದ ಈ ಕೊನೆಯ ಷರತ್ತು ತೊಡಕಾಯಿತು. 1963ರ ತಿದ್ದುಪಡಿಯು ಸಂಪ್ರದಾಯವಿದ್ದಲ್ಲಿ ಅಂಥ ಮದುವೆಗೂ ಎಡೆಗೊಟ್ಟಿತು.

ಆದರೆ ವಾಸದ ಲೆಕ್ಕವೂ ಡಂಗುರವೂ ಈ ಶಾಸನದಲ್ಲಿ ಹಾಗೆಯೇ ಉಳಿದವು. ಉಳಿದದ್ದು ಮಾತ್ರವಲ್ಲ, ಬೆಳೆದವು. 14 ದಿನ ಹೋಗಿ 30 ದಿನವಾಯಿತು. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ವಿವಾಹಾಧಿಕಾರಿಗೆ ನೋಟೀಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಲ್ಲಿ ಅಂಟಿಸುತ್ತಾರೆ. 30 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಣೆ ಬಂದರೆ ಅಧಿಕಾರಿಯು ವಿಚಾರಣೆ ನಡೆಸಬೇಕು. ಎಲ್ಲವೂ ಕಳೆದ ಮೇಲೆ, ಅಧಿಕಾರಿಯ ಮತ್ತು ಮೂವರು ಸಾಕ್ಷಿಗಳ ಎದುರಿನಲ್ಲಿ ಒಬ್ಬರನ್ನೊಬ್ಬರು ಧರ್ಮಪತ್ನಿಯಾಗಿ, ಪತಿಯಾಗಿ ಸ್ವೀಕರಿಸಿದ್ದೇವೆಂದು ಬಾಯಿಬಿಟ್ಟು ನುಡಿದು ಪುಸ್ತಕದಲ್ಲಿ ರುಜು ಹಾಕಬೇಕು. ನೋಟೀಸು ಕೊಟ್ಟು ಮೂರು ತಿಂಗಳು ಕಳೆದರೆ ಮತ್ತೆ ಮೊದಲಿನಿಂದ. ಕೊಳ್ಳೇಗಾಲದಿಂದ ಬಂದು ಪೀಳಮೇಡಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ ಯುವಕನೊಬ್ಬನು ಬೇರೆ ಮತದ ಹುಡುಗಿಯನ್ನು ವರಿಸಬೇಕಾದರೆ, ಮೊದಲು ಒಂದು ತಿಂಗಳು ಇಲ್ಲಿ ನೆಲಸಿ, ಇನ್ನೊಂದು ತಿಂಗಳು ತಮ್ಮಿಬ್ಬರ ಹೆಸರು ವಿಳಾಸಗಳು ಗೋಡೆಯ ಮೇಲೆ ನೇತಾಡುವುದನ್ನು ಸಹಿಸಬೇಕು. ಮನೆಯವರ ಕೋಪಕ್ಕೆ ಹೆದರುವವರಿಗೆ ಈ ಒಂದು ತಿಂಗಳು ಒಂದು ಯುಗ. 2021ರ ಜನವರಿಯಲ್ಲಿ ಅಲಹಾಬಾದು ಹೈಕೋರ್ಟು ಈ ಪ್ರಕಟಣೆಯನ್ನು ವಧೂವರರ ಇಚ್ಛೆಗೆ ಬಿಡಬೇಕೆಂದು ತೀರ್ಪು ಕೊಟ್ಟಿತಾದರೂ, ಶಾಸನದ ಅಕ್ಷರ ತಿದ್ದುಪಡಿಯಾಗಿಲ್ಲ.

ಇನ್ನು ಒಂದೇ ಧರ್ಮದವರ ಸಂಗತಿ. 1955ರ ಹಿಂದೂ ವಿವಾಹಶಾಸನದಲ್ಲಿ ನೋಟೀಸಿಲ್ಲ, ವಾಸದ ಲೆಕ್ಕವಿಲ್ಲ. ಆದರೆ ಸಂಪ್ರದಾಯದಂತೆ ವಿಧಿಗಳು ನಡೆಯಬೇಕು. ಸಪ್ತಪದಿಯಿರುವಲ್ಲಿ ಏಳನೆಯ ಹೆಜ್ಜೆಯಿಟ್ಟಾಗ ಮದುವೆ ಪೂರ್ಣ. ಓಡಿಬಂದವರಿಗೆ ಪುರೋಹಿತರನ್ನು, ಚಪ್ಪರವನ್ನು, ಬಂಧುಗಳನ್ನು ಎಲ್ಲಿಂದ ತರುವುದು? ಈ ತೊಡಕನ್ನು ಬಿಡಿಸಿದ ಕೀರ್ತಿ ತಮಿಳುನಾಡಿನದು. ಅದರ ಮೂಲ ಆಗಿನ ಕೊಯಮತ್ತೂರು ಜಿಲ್ಲೆಯ ಈರೋಡಿನಲ್ಲಿದೆ. ಅಲ್ಲಿ 1879ರಲ್ಲಿ ಹುಟ್ಟಿದ ಪೆರಿಯಾರ್ ಇ.ವೆ. ರಾಮಸ್ವಾಮಿಯವರ ಮನೆಮಾತು ಕನ್ನಡವೆಂಬುದು ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದದ್ದೇ. ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಗಳನ್ನು ಅವರು 1928ರಿಂದ ನಡೆಸಿಕೊಡತೊಡಗಿದರು. 1929ರಲ್ಲಿ ಚೆಂಗಲ್ಪಟ್ಟಿನ ಸ್ವಾಭಿಮಾನ ಸಮ್ಮೇಳನ ಹೆಣ್ಣುಗಂಡುಗಳಿಗೆ ಸಂಗಾತಿಯನ್ನು ಆರಿಸುವ ಹಕ್ಕನ್ನು ಎತ್ತಿಹಿಡಿಯಿತು. ಸಾವಿರಾರು ಜನ ಹೀಗೆ ಮದುವೆಯಾದರು. ಆದರೆ 1953ರಲ್ಲಿ ಮದರಾಸು ಹೈಕೋರ್ಟು, ಸಾಂಪ್ರದಾಯಿಕ ವಿಧಿಗಳಿಲ್ಲದ ಇಂಥ ಮದುವೆ ಕಾನೂನಿನಲ್ಲಿ ಮದುವೆಯಲ್ಲವೆಂದು ತೀರ್ಮಾನಿಸಿತು. ಒಂದು ತೀರ್ಪಿನಿಂದ ಎಷ್ಟೋ ಹೆಂಡಿರ ಪತ್ನೀತ್ವವೂ ಎಷ್ಟೋ ಮಕ್ಕಳ ಹಕ್ಕುದಾರಿಕೆಯೂ ಸಂದೇಹದಲ್ಲಿ ಬಿದ್ದವು. ಉಂಗುರ ಮತ್ತೆ ನೀರಿಗೆ ಬಿದ್ದಿತ್ತು. ಸ್ವತಃ ಪೆರಿಯಾರರು 1949ರಲ್ಲಿ ಮರುಮದುವೆಯಾದಾಗ ರಿಜಿಸ್ಟ್ರಾರರ ಮುಂದೆ ನೋಂದಾಯಿಸಿಕೊಂಡಿದ್ದರೆಂಬುದು ಗಮನಾರ್ಹ.

ಅಣ್ಣಾದುರೈಯವರ ಸರ್ಕಾರ ಬಂದ 1967ರಲ್ಲಿ ಹಿಂದೂ ವಿವಾಹಶಾಸನಕ್ಕೆ ಈ ರಾಜ್ಯದ ಮಟ್ಟಿಗೆ 7-ಎ ಎಂಬ ಹೊಸ ಕಲಮನ್ನು ಸೇರಿಸಿದರು. 1968ರ ಆರಂಭದಲ್ಲಿ ಅದು ಜಾರಿಗೆ ಬಂದಿತು. ಇದರಂತೆ, ಬಂಧುಗಳ, ಮಿತ್ರರ ಅಥವಾ ಬೇರೆ ಯಾರಾದರೂ ಜನರ ಎದುರಿನಲ್ಲಿ ವಧೂವರರು ತಮಗೆ ತಿಳಿಯುವ ಯಾವುದೇ ಭಾಷೆಯಲ್ಲಿ ಪರಸ್ಪರ ಪತಿಪತ್ನಿಯರೆಂದು ಸಾರಿದರೂ ಸರಿ, ಹಾರ ಹಾಕಿದರೂ ಸರಿ, ಬೆರಳಿಗೆ ಉಂಗುರ ತೊಡಿಸಿದರೂ ಸರಿ, ತಾಳಿ ಕಟ್ಟಿದರೂ ಸರಿ, ಮದುವೆ ಸಿಂಧು. ಹಿಂದೆ ನಡೆದಿದ್ದ ಸ್ವಾಭಿಮಾನ ವಿವಾಹಗಳಿಗೂ ಈ ಮಾನ್ಯತೆ ದೊರಕಿತು. ತಮಗೆ ತಿಳಿಯುವ ಭಾಷೆಯಲ್ಲಿ ಎಂಬ ಮಾತನ್ನು ನಾವು ವಿಶೇಷವಾಗಿ ಗಮನಿಸಬೇಕು. ಪೀಳಮೇಡಿನ ಕನ್ನಡತಿಯೊಬ್ಬಳು ತನ್ನ ತಾಯ್ನುಡಿಯಲ್ಲಿ 'ಇವರನ್ನು ನನ್ನ ಗಂಡನಾಗಿ ಸ್ವೀಕರಿಸಿದ್ದೇನೆ' ಎಂದರೆ ಆ ಒಂದು ವಾಕ್ಯಕ್ಕೆ ಕಾನೂನಿನ ಬಲವಿದೆ.

ಇಲ್ಲಿಯೇ ಗಡಿಯ ವಿಚಿತ್ರವೂ ಕಾಣುತ್ತದೆ. 7-ಎ ಕಲಮು ತಮಿಳುನಾಡಿನ ತಿದ್ದುಪಡಿ. ಕರ್ನಾಟಕದಲ್ಲಿ ಅದಕ್ಕೆ ಸಮನಾದುದಿಲ್ಲ. 1956ಕ್ಕೆ ಮೊದಲು ತಾಳವಾಡಿಯೂ ಕೊಳ್ಳೇಗಾಲವೂ ಒಂದೇ ಜಿಲ್ಲೆಯವು. ಇಂದಿಗೂ ಎರಡು ಕಡೆಯ ಕನ್ನಡಿಗರಲ್ಲಿ ಕೊಟ್ಟುತರುವ ಸಂಬಂಧಗಳಿವೆ. ಆದರೂ ತಾಳವಾಡಿಯಲ್ಲಿ ಎರಡು ಹಾರಗಳಿಂದ ಮುಗಿಯುವ ಮದುವೆಗೆ ಬೆಟ್ಟದ ಆಚೆಗೆ ಅದೇ ಬಲವಿಲ್ಲ. ಕನ್ನಡನಾಡಿನಲ್ಲಿ ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿವಾಹವನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ನೆರವೇರಿಸಿದರು. ಅದು ಜನಮನ್ನಣೆ ಪಡೆಯಿತು; ಆದರೆ ಅದಕ್ಕೆಂದೇ ಪ್ರತ್ಯೇಕ ಕಲಮು ಬರಲಿಲ್ಲ. ಅಲ್ಲಿ ಸರಳವಾಗಿ ಮದುವೆಯಾಗುವವರು 1954ರ ವಿಶೇಷ ಶಾಸನದಂತೆಯೂ ನೋಂದಾಯಿಸಿಕೊಳ್ಳುವುದೇ ಭದ್ರವಾದ ದಾರಿ.

ಇಷ್ಟು ಮದುವೆಯ ಸಾಕ್ಷ್ಯದ ಮಾತಾಯಿತು. ಇದಕ್ಕೂ ಮೊದಲೇ ಕಾನೂನು ಕೇಳುವ ಇನ್ನೊಂದು ಸಾಕ್ಷ್ಯವಿದೆ, ಅದು ವಯಸ್ಸಿನದು. ಇದನ್ನು ತಿಳಿಯಲು ಮದರಾಸು ನಗರದಲ್ಲಿ ನಡೆದ ಒಂದು ಮೊಕದ್ದಮೆಯನ್ನು ವಿವರವಾಗಿ ನೋಡುವುದು ಲೇಸು. ವಕೀಲರು ಅದನ್ನು ವರದರಾಜನ್ ವಿರುದ್ಧ ಮದರಾಸು ರಾಜ್ಯ ಎಂದು ಕರೆಯುತ್ತಾರೆ. ಕಾಲೇಜಿನಲ್ಲಿ ಎರಡನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದ ಹುಡುಗಿ, ನೆರೆಯ ಮನೆಯ ಯುವಕ. ಅವನನ್ನೇ ಮದುವೆಯಾಗುವೆನೆಂದು ಹುಡುಗಿ ಅಕ್ಕನೊಡನೆ ಹೇಳಿದಳು. ತಂದೆಯು ಮಗಳನ್ನು ದೂರವಿರಿಸಬೇಕೆಂದು ನಗರದ ಇನ್ನೊಂದು ಭಾಗದ ನೆಂಟರ ಮನೆಯಲ್ಲಿ ಬಿಟ್ಟರು. ಮರುದಿನ, 1960ರ ಅಕ್ಟೋಬರ್ 1ರಂದು, ಹುಡುಗಿ ತಾನಾಗಿಯೇ ಆ ಮನೆಯಿಂದ ಹೊರಟು, ಯುವಕನಿಗೆ ದೂರವಾಣಿಯಲ್ಲಿ ಹೇಳಿ ಬೀದಿಯಲ್ಲಿ ಕಾದು ನಿಂತಳು. ಇಬ್ಬರೂ ಸಾಕ್ಷಿಯಾಗಿ ಒಬ್ಬ ಮಿತ್ರನನ್ನು ಕರೆದುಕೊಂಡರು. ಅಂಗಡಿಯಲ್ಲಿ ಮಾಂಗಲ್ಯವನ್ನೂ ಗುಂಡುಗಳನ್ನೂ ಕೊಂಡರು, ಆರಿಸಿದವಳು ಹುಡುಗಿಯೇ. ರಿಜಿಸ್ಟ್ರಾರರ ಕಚೇರಿಯಲ್ಲಿ ಮದುವೆಯಾಗುವ ಒಪ್ಪಂದಪತ್ರವೊಂದನ್ನು ನೋಂದಾಯಿಸಿದರು. ಅನಂತರ ಸಾತ್ತೂರು, ಕೊಯಮತ್ತೂರು ಮೊದಲಾದ ಊರುಗಳನ್ನು ಸುತ್ತಿ ತಂಜಾವೂರಿಗೆ ಬಂದಾಗ ಪೊಲೀಸರು ಅವರನ್ನು ಕಂಡುಹಿಡಿದರು.

ಹುಡುಗಿಗೆ 18 ತುಂಬಲು ಆಗ ಸುಮಾರು ಆರು ವಾರಗಳಷ್ಟೇ ಉಳಿದಿದ್ದವು. ಆ ಆರು ವಾರಗಳ ಕಾರಣದಿಂದ ಯುವಕನ ಮೇಲೆ ಅಪಹರಣದ ಆಪಾದನೆ ಬಂದಿತು; ಕೆಳಗಣ ನ್ಯಾಯಾಲಯ ಒಂದು ವರ್ಷದ ಕಠಿಣ ಸಜೆ ವಿಧಿಸಿತು; ಹೈಕೋರ್ಟೂ ಅವನನ್ನು ತಪ್ಪಿತಸ್ಥನೆಂದೇ ಎಣಿಸಿತು. 1964ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿತು. ನ್ಯಾಯಮೂರ್ತಿ ಮುಧೋಳ್ಕರರು ಬರೆದ ಆ ತೀರ್ಪಿನ ಸಾರಾಂಶವಿಷ್ಟು: ಕರೆದೊಯ್ಯುವುದು ಬೇರೆ, ಜೊತೆಯಲ್ಲಿ ಬರಗೊಡುವುದು ಬೇರೆ. ತಿಳಿವಳಿಕೆ ಬಂದ, ನಗರದಲ್ಲಿ ಬೆಳೆದ, ಕಾಲೇಜಿನಲ್ಲಿ ಓದುವ ಹುಡುಗಿ ತಾನೇ ನಿರ್ಧರಿಸಿ ಮನೆ ಬಿಟ್ಟುಬಂದಾಗ, ಅವಳ ಇಷ್ಟವನ್ನು ಈಡೇರಿಸಿದ ಮಾತ್ರಕ್ಕೆ ಪೋಷಕರ ವಶದಿಂದ ಅವಳನ್ನು ಕೊಂಡೊಯ್ದಂತಾಗದು. ಹುಡುಗಿಯ ಮನಸ್ಸನ್ನು ಒಂದು ಸಾಕ್ಷಿಯಾಗಿ ಆ ತೀರ್ಪು ಗೌರವಿಸಿತು.

ಆದರೆ ಈ ತೀರ್ಪನ್ನು ಓದಿ ಯಾವ ವಿದ್ಯಾರ್ಥಿಯೂ ಮೋಸಹೋಗಬಾರದು. ಮೊದಲನೆಯದಾಗಿ, ಮದುವೆಯಾಗುವ ಒಪ್ಪಂದವನ್ನು ನೋಂದಾಯಿಸುವುದು ಮದುವೆಯಲ್ಲ. ಅಂಥ ಕಾಗದ ಶಕುಂತಲೆಯ ಉಂಗುರದಷ್ಟೂ ಕೆಲಸಕ್ಕೆ ಬಾರದು. ಎರಡನೆಯದಾಗಿ, ಅಂದಿನ ಕಾನೂನು ಇಂದಿನದಲ್ಲ. 1955ರಲ್ಲಿ ಹಿಂದೂ ವಿವಾಹಕ್ಕೆ ಹೆಣ್ಣಿಗೆ 15, ಗಂಡಿಗೆ 18 ವರ್ಷ ಸಾಕಾಗಿತ್ತು. 1978ರಲ್ಲಿ ಅದನ್ನು 18, 21 ಎಂದು ಏರಿಸಿದರು. 2006ರ ಬಾಲ್ಯವಿವಾಹ ನಿಷೇಧ ಶಾಸನವು ಅಪ್ರಾಪ್ತ ವಯಸ್ಕರನ್ನು ಪೋಷಕರ ವಶದಿಂದ ಸೆಳೆದು ಮಾಡಿದ ಮದುವೆಯನ್ನು ಮದುವೆಯೇ ಅಲ್ಲವೆನ್ನುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಶಾಸನದಂತೆ 18 ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಅಂಥ ಸಂಬಂಧಕ್ಕೆ ಕಠಿಣ ಶಿಕ್ಷೆಯಿದೆ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯಸಂಹಿತೆಯಲ್ಲಿ ಹುಡುಗ ಹುಡುಗಿಯರಿಬ್ಬರಿಗೂ ಅಪಹರಣದ ವಿಷಯದಲ್ಲಿ 18ರ ಗಡಿಯೇ. ಹುಡುಗನಿಗೆ 18ಕ್ಕೆ ಮತದಾನದ ಹಕ್ಕು ಬರುತ್ತದೆ, ಮದುವೆಯ ಹಕ್ಕು ಬರುವುದು 21ಕ್ಕೆ. ಆರು ವಾರ ಕಾಯದಿದ್ದುದಕ್ಕೆ ಆ ಯುವಕ ನಾಲ್ಕು ವರ್ಷ ನ್ಯಾಯಾಲಯಗಳಿಗೆ ಅಲೆದನು. ಇಂದಾದರೆ ಅದಕ್ಕಿಂತ ಹೆಚ್ಚಿನ ಬೆಲೆ ತೆರಬೇಕಾದೀತು.

ವಯಸ್ಸು ತುಂಬಿದೆ, ಮದುವೆ ಆಗಿದೆ. ಆದರೂ ಸಾಲದೆಂಬ ಕಠೋರ ಸತ್ಯವನ್ನು ನಮ್ಮ ಸೀಮೆಯೇ ಕಂಡಿದೆ. ಬೇರೆ ಜಾತಿಗಳ ಮದುವೆಗಾಗಿ ರಕ್ತ ಹರಿದದ್ದು ಕನ್ನಡಿಗರಿಗೆ ಕೇಳದ ಕಥೆಯಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಗಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರೆಂದು ಪರಂಪರೆ ಹೇಳುತ್ತದೆ. ಎಂಟು ಶತಮಾನಗಳಾಚೆ, 2016ರ ಮಾರ್ಚ್ 13ರಂದು, ಇಂದಿನ ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯಲ್ಲಿ, ಜಾತಿ ಮೀರಿ ಮದುವೆಯಾಗಿದ್ದ ದಲಿತ ಯುವಕನೊಬ್ಬನನ್ನು ಹಗಲಿನಲ್ಲಿ, ನಡುಬೀದಿಯಲ್ಲಿ ಕಡಿದು ಕೊಂದರು. ಜೊತೆಯಲ್ಲಿದ್ದ ಹೆಂಡತಿ ಗಾಯಗೊಂಡು ಬದುಕಿದಳು. ಗಂಡಹೆಂಡಿರಿಬ್ಬರೂ ವಯಸ್ಕರು. 2017ರಲ್ಲಿ ತಿರುಪ್ಪೂರಿನ ನ್ಯಾಯಾಲಯ ಆರು ಮಂದಿಗೆ ಮರಣದಂಡನೆ ವಿಧಿಸಿತು. 2020ರಲ್ಲಿ ಹೈಕೋರ್ಟು ಐವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿ, ಹುಡುಗಿಯ ತಂದೆಯನ್ನು ಬಿಡುಗಡೆ ಮಾಡಿತು. ಈ ಘಟನೆಯನ್ನು ನೆನೆದಾಗ, ಮನೆ ಬಿಟ್ಟವರು ಗುಟ್ಟನ್ನೇಕೆ ಬಯಸುತ್ತಾರೆಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ.

ನ್ಯಾಯಾಲಯಗಳು ಈ ಭಯವನ್ನು ಕ್ರಮೇಣ ಅರಿತವು. 2006ರಲ್ಲಿ ಲತಾ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ವಯಸ್ಕರು ತಮಗಿಷ್ಟವಾದವರನ್ನು ಮದುವೆಯಾಗಬಹುದು, ಒಪ್ಪದ ಹಿರಿಯರು ಹೆಚ್ಚೆಂದರೆ ಸಂಬಂಧವನ್ನು ಕಡಿದುಕೊಳ್ಳಬಹುದು, ಬೆದರಿಸಲಾಗದು ಎಂದಿತು. 2018ರ ಮಾರ್ಚ್ 27ರ ಶಕ್ತಿವಾಹಿನಿ ತೀರ್ಪು ಇನ್ನೂ ಮುಂದೆ ಹೋಗಿ, ಇಂಥ ದಂಪತಿಗಳಿಗಾಗಿ ಜಿಲ್ಲೆಜಿಲ್ಲೆಯಲ್ಲಿ ಪೊಲೀಸರ ವಿಶೇಷ ಘಟಕಗಳಿರಬೇಕೆಂದೂ ರಕ್ಷಣಾಗೃಹಗಳ ಏರ್ಪಾಡನ್ನು ಸರ್ಕಾರಗಳು ಯೋಚಿಸಬೇಕೆಂದೂ ಆದೇಶಿಸಿತು. ಅಷ್ಟರಲ್ಲಿ ತಮಿಳುನಾಡಿನ 7-ಎ ಕಲಮಿಗೇ ಒಂದು ಕಂಟಕ ಬಂದಿತ್ತು. ವಕೀಲರ ಕೊಠಡಿಗಳಲ್ಲಿ ಗುಟ್ಟಾಗಿ ನಡೆಯುವ ಸ್ವಾಭಿಮಾನ ವಿವಾಹಗಳು ಸಲ್ಲವು, ಬಹಿರಂಗವಾಗಿ ಸಾರಬೇಕು ಎಂದು 2014ರಲ್ಲಿ ಮದರಾಸು ಹೈಕೋರ್ಟು ಹೇಳಿತು. ಹಣಕ್ಕಾಗಿ ಸುಳ್ಳು ಮದುವೆಪತ್ರಗಳನ್ನು ಬರೆದುಕೊಡುವವರ ಹಾವಳಿಯನ್ನು ತಡೆಯಬೇಕೆಂಬ ಚಿಂತೆ ನ್ಯಾಯವಾದದ್ದೇ. ಆದರೆ 2023ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟು ಆ ಅಭಿಪ್ರಾಯವನ್ನು ತಳ್ಳಿಹಾಕಿತು. ಕುಟುಂಬದ ವಿರೋಧವಿರುವಾಗ ಬಹಿರಂಗವಾಗಿಯೇ ಸಾರಬೇಕೆಂದರೆ ಪ್ರಾಣಕ್ಕೆ ಅಪಾಯ. ವಕೀಲರೂ ಮಿತ್ರರಾಗಿ, ಸಾಕ್ಷಿಗಳಾಗಿ ನಿಲ್ಲಬಹುದು. ಮಾತಿನಿಂದಾಗಲಿ ಹಾರದಿಂದಾಗಲಿ ನಡೆದ ಮದುವೆ ಸಾಕು ಎಂದಿತು. ಸಾಕ್ಷ್ಯ ಬೇಕು, ಡಂಗುರ ಬೇಡ ಎಂಬ ತತ್ತ್ವ ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಯಿತೆಂದು ನಾವು ಭಾವಿಸುತ್ತೇವೆ.

ಇದರ ಇನ್ನೊಂದು ಮುಖವನ್ನು 2024ರ ಏಪ್ರಿಲಿನಲ್ಲಿ ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ತೋರಿಸಿತು. ಹಿಂದೂ ವಿವಾಹಶಾಸನದ ಪ್ರಕಾರ ವಿಧಿಯೊಂದೂ ನಡೆಯದೆ ನೋಂದಣಿಯ ಕಾಗದವೊಂದೇ ಇದ್ದರೆ ಅದು ಮದುವೆಯಲ್ಲ. ಕಾಗದವು ನಡೆದುದಕ್ಕೆ ಸಾಕ್ಷಿಯೇ ಹೊರತು ನಡೆಯದುದನ್ನು ನಡೆಸಲಾರದು ಎಂಬುದು ಆ ತೀರ್ಪಿನ ತಾತ್ಪರ್ಯ. ಬೆರಳಿಲ್ಲದ ಉಂಗುರಕ್ಕೆ ಅರ್ಥವಿಲ್ಲ. ಉಂಗುರವಿಲ್ಲದ ಬೆರಳಿಗೆ ಭದ್ರತೆಯಿಲ್ಲ.

ಇಷ್ಟೆಲ್ಲ ಚರಿತ್ರೆಯನ್ನು ಸೋಸಿದರೆ ಇಂದು ಕೊಯಮತ್ತೂರಿನಂಥ ನಗರದಲ್ಲಿ ಉಳಿಯುವ ನಿಯಮಗಳು ಕೆಲವೇ. ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು. ಹಿಂದಿನ ಮದುವೆ ಬಾಕಿಯಿರಬಾರದು. ಒಪ್ಪಿಗೆ ಇಬ್ಬರದೂ ಆಗಿರಬೇಕು. ಇವಿದ್ದರೆ ತಂದೆತಾಯಿಗಳ ರುಜು ಕಾನೂನಿಗೆ ಬೇಕಿಲ್ಲ. ಇಬ್ಬರೂ ಹಿಂದೂಗಳಾದರೆ ಸಂಪ್ರದಾಯದ ವಿಧಿಯಿಂದಲೋ 7-ಎ ಕಲಮಿನಂತೆ ಸಾಕ್ಷಿಗಳೆದುರಿನಲ್ಲೋ ಮದುವೆಯಾಗಿ ನೋಂದಾಯಿಸಬಹುದು. ಮತಗಳು ಬೇರೆಯಾಗಿದ್ದು ಯಾರೂ ಮತ ಬಿಡಲೊಲ್ಲದಿದ್ದರೆ 1954ರ ಶಾಸನದ 30 ದಿನಗಳನ್ನು ಕಾಯಲೇಬೇಕು. ತಮಿಳುನಾಡಿನ 2009ರ ವಿವಾಹ ನೋಂದಣಿ ಶಾಸನದಂತೆ ಮದುವೆಯಾದ 90 ದಿನಗಳೊಳಗೆ ನೋಂದಣಿ ಮಾಡಿಸತಕ್ಕದ್ದು. ಬೆದರಿಕೆಯಿದ್ದರೆ ಬಚ್ಚಿಟ್ಟುಕೊಳ್ಳುವುದಕ್ಕಿಂತ ಲಿಖಿತವಾಗಿ ಪೊಲೀಸರ ರಕ್ಷಣೆ ಕೋರುವುದು ಮೇಲು.

ಕಡೆಯದಾಗಿ, ಈ ಪತ್ರಿಕೆಯನ್ನು ಓದುವ ಉಪಾಧ್ಯಾಯ ಬಂಧುಗಳಿಗೆ ಒಂದು ಮಾತು. ಈ ಕಾನೂನೆಲ್ಲವೂ ಕೊನೆಗೆ ನಿಂತಿರುವುದು ಒಂದು ಸಣ್ಣ ಬರವಣಿಗೆಯ ಮೇಲೆ. ಅದು ಜನ್ಮದಿನಾಂಕ. 2015ರ ಬಾಲನ್ಯಾಯ ಶಾಸನದ 94ನೆಯ ಕಲಮು ವಯಸ್ಸನ್ನು ನಿರ್ಣಯಿಸುವಾಗ ಮೊದಲ ಸ್ಥಾನ ಕೊಟ್ಟಿರುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರಕ್ಕೆ ಮತ್ತು ಮೆಟ್ರಿಕ್ ಪರೀಕ್ಷೆಯ ಪತ್ರಕ್ಕೆ. ಅವಿಲ್ಲದಿದ್ದರೆ ನಗರಸಭೆ, ಪಂಚಾಯಿತಿಗಳ ಜನನಪತ್ರ. ಯಾವುದೂ ಇಲ್ಲದಾಗ ವೈದ್ಯಪರೀಕ್ಷೆ. ತಂದೆ ತಾಯಿಗೆ ತಾರೀಖು ನೆನಪಿಲ್ಲವೆಂದು, ಮಗುವಿಗೆ ಐದು ತುಂಬಿದಂತೆ ತೋರಿಸಬೇಕೆಂದು, ಜೂನ್ 1 ಎಂದು ಬರೆದು ಮುಗಿಸುವ ಹಳೆಯ ಅಭ್ಯಾಸವನ್ನು ನಾವೆಲ್ಲ ಬಲ್ಲೆವು. ದಾಖಲಾತಿ ಪುಸ್ತಕದಲ್ಲಿ ಅವಸರದಿಂದ ಬರೆದ ಆ ಒಂದು ಸಾಲು, ಹದಿನೈದು ವರ್ಷಗಳ ಮೇಲೆ ಎಲ್ಲೋ ಒಂದು ನ್ಯಾಯಾಲಯದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಗಂಡನೋ ಕೈದಿಯೋ ಎಂಬುದನ್ನು ತೀರ್ಮಾನಿಸಬಹುದು. ಬಲವಂತದ ಬಾಲ್ಯವಿವಾಹದಿಂದ ಒಬ್ಬ ಹುಡುಗಿಯನ್ನು ಉಳಿಸಲೂಬಹುದು, ಉಳಿಸದಿರಲೂಬಹುದು. ಶಕುಂತಲೆಯ ಉಂಗುರವನ್ನು ಕಾಯಲು ಕಣ್ವಾಶ್ರಮದಲ್ಲಿ ಯಾರೂ ಇರಲಿಲ್ಲ. ನಮ್ಮ ಮಕ್ಕಳ ಉಂಗುರ ಶಾಲೆಯ ಬೀರುವಿನಲ್ಲಿದೆ. ಅದನ್ನು ಸತ್ಯವಾಗಿ ಬರೆದಿಡುವುದು ನಮ್ಮ ಪಾಲಿನ ಕೆಲಸ.